ಬಾಣಂತಿ ತೊಳೆದ ಮೊಟ್ಟೆಗಳು

ಊರು ಕೋಳಿಯ ಮೊಟ್ಟೆಯನ್ನು ತೊಳೆಯಬಾರದು. ಇದನ್ನು ಯಾರ್ಯಾರಿಗೆ ಹೇಳಿ ಬಾಯಿ ನೋಯಿಸಿಕೊಂಡಿದ್ದೇನೋ ನನಗೇ ಗೊತ್ತಿಲ್ಲ. ಪೇಟೆಯಿಂದ ಬಂದ ನೆಂಟರಿಗೆ, ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆಗೆ, ಇಷ್ಟು ವರ್ಷ ನನ್ನ ಜೊತೆ ಬಾಳಿದ ಗಂಡನಿಗೆ, ಎಲ್ಲರಿಗೂ ಗೂಡಿನಿಂದ ಮೊಟ್ಟೆ ತೆಗೆದ ಕೂಡಲೇ ನಲ್ಲಿಯ ಕೆಳಗೆ ಹಿಡಿಯುವ ಚಪಲ. ಅಲ್ಲ ಮಾರಾಯ್ರೆ, ಮೊಟ್ಟೆಯ ಮೈಮೇಲೆ ಹುಟ್ಟುವಾಗಲೇ ಒಂದು ಪೊರೆ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕೈಗೂ ಸಿಗುವುದಿಲ್ಲ. ನೀರು ತಾಗಿ ಅದು ಹೋಯಿತೋ, ಮೊಟ್ಟೆ ಹೋಯಿತೆಂದೇ ಲೆಕ್ಕ. ಹಿಕ್ಕೆ ಅಂಟಿದ್ದರೆ ಒಣಗಲು ಬಿಡಬೇಕು, ತೆಂಗಿನ ನಾರಿನಿಂದ ಮೆಲ್ಲಗೆ ತಿಕ್ಕಬೇಕು, ಹಳೆ ಪಂಚೆಯ ತುಂಡಿನಿಂದ ಒರೆಸಬೇಕು. ತೀರಾ ಹೊಲಸಾದದ್ದನ್ನು ಅವತ್ತೇ ಸಾರಿಗೆ ಒಡೆದು ಹಾಕಿದರಾಯಿತು.

ಉಳಿದವನ್ನು ಭತ್ತದ ಉಮಿ ತುಂಬಿದ ಬುಟ್ಟಿಯಲ್ಲಿ ಚೂಪು ತುದಿ ಕೆಳಗಾಗಿ ನಿಲ್ಲಿಸಿ, ಗಾಳಿಯಾಡುವ ಕತ್ತಲೆ ಮೂಲೆಯಲ್ಲಿ ಇಡುತ್ತೇನೆ. ಫ್ರಿಜ್ಜಿನಲ್ಲಿಟ್ಟರೆ ಮೀನಿನ ವಾಸನೆ ಹಿಡಿಯುತ್ತದೆ; ನಮ್ಮ ಮನೆಯ ಫ್ರಿಜ್ಜಿನಲ್ಲಿ ಮೀನಿಲ್ಲದ ದಿನ ಯಾವುದು? ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಮೇಲೊಂದು ಇದ್ದಿಲ ತುಂಡು. ನಗುವವರು ನಗಲಿ, ಇದ್ದಿಲಿಡದೆ ನನಗೆ ಸಮಾಧಾನವಿಲ್ಲ.

ಮಗಳು ಚೊಚ್ಚಲ ಹೆರಿಗೆಗೆಂದು ನಾವುಂದಕ್ಕೆ, ನಮ್ಮ ಮನೆಗೆ ಬಂದಾಗ ಬೇಸಿಗೆ ಏರುತ್ತಿತ್ತು. ಅಳಿಯ ಪುಣೆಯಲ್ಲಿ ಹೋಟೆಲು ನಡೆಸುವವ, ಬಿಟ್ಟು ಬಂದು ಕೂರಲು ಆಗುವುದಿಲ್ಲ. ಹೆರಿಗೆ ಹತ್ತಿರವಾಯಿತೆನ್ನುವಾಗ ನಾನು ಮನೆಯವರ ಪಾಲಿಗೆ ಮೊಟ್ಟೆ ಬಂದ್ ಮಾಡಿದೆ. ಬಾಣಂತಿಗೆ ಬೆಳಿಗ್ಗೆ ಎದ್ದ ಕೂಡಲೇ ಎಳ್ಳೆಣ್ಣೆಯಲ್ಲಿ ಒಡೆದು ಹಾಕಿದ ಊರು ಕೋಳಿ ಮೊಟ್ಟೆ, ಮೇಲೆ ಕಾಳುಮೆಣಸಿನ ಪುಡಿ. ಇದು ನಮ್ಮಲ್ಲಿ ತಪ್ಪುವಂತಿಲ್ಲ. ಸೊಂಟ ಗಟ್ಟಿಯಾಗುವುದೇ ಅದರಿಂದ. ನನ್ನ ಗಂಡ ಉಮಿಯ ಬುಟ್ಟಿಯ ಹತ್ತಿರ ಸುಳಿದರೆ ಸಾಕು, "ಹ್ವಾಯ್, ಅದ್ ಬಾಳಂತಿದ್. ಕೈ ಹಾಕ್ಬೇಡಿ" ಎಂದು ಅಡುಗೆಮನೆಯಿಂದಲೇ ಕೂಗುತ್ತಿದ್ದೆ.

ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಅಪ್ಪಯ್ಯ, ನೀವೂ ಒಂದ್ ಹೆರಿ. ಆಗ ಸಿಕ್ತ್ತ್" ಅಂದಿದ್ದಳು. ಅವಳು ಅಂಥವಳೇ, ಬಾಯಾಳಿ. ಅವಳು ಮನೆಯಲ್ಲಿದ್ದರೆ ರೇಡಿಯೋ ಬೇಡ, ಟೀವಿ ಬೇಡ. ಸಣ್ಣವಳಿದ್ದಾಗ ಮೊಟ್ಟೆ ಪರೀಕ್ಷೆ ಮಾಡುವ ಕೆಲಸ ಅವಳದೇ. ಎಲ್ಲೋ ಹುಲ್ಲಿನ ಎಡೆಯಲ್ಲಿ ಕೋಳಿ ಕದ್ದು ಇಟ್ಟ ಮೊಟ್ಟೆ ಸಿಕ್ಕಿದರೆ ಎಷ್ಟು ದಿನದ್ದೆಂದು ಗೊತ್ತಾಗುವುದಿಲ್ಲವಲ್ಲ, ಅಂಥದ್ದನ್ನು ಮಾತ್ರ ನೀರಿನ ಬಾಲ್ದಿಗೆ ಬಿಡುವುದು. ಅಡಿಗೆ ಹೋಗಿ ಮಲಗಿದರೆ ಹೊಸದು, ಮೇಲೆ ಬಂದರೆ ಕೆಟ್ಟದ್ದು. "ಮುಳ್ಗಿದ್ದ್ ಒಳ್ಗೆ, ತೇಲಿದ್ದ್ ಹೊರ್ಗೆ" ಎಂದು ಕೂಗುತ್ತಾ ಅಂಗಳವಿಡೀ ಕುಣಿಯುತ್ತಿದ್ದಳು.

ಕುಂದಾಪುರದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಗಂಡು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಅಂದರು. ಮನೆಗೆ ಕರೆದುಕೊಂಡು ಬಂದೆವು. ಚೆನ್ನಾಗಿದ್ದದ್ದು ಅಷ್ಟೇ.

ಮೊದಲು ಅವಳ ಮಾತು ಹೋಯಿತು. ಆಮೇಲೆ ನಿದ್ದೆ. ಬಾಣಂತಿ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುವಳು, ಕಣ್ಣು ಮಾತ್ರ ತೆರೆದೇ ಇರುವುದು. ಮಗು ಅತ್ತರೆ, ಪಕ್ಕದ ಮನೆಯ ಮಗು ಅಳುತ್ತಿದೆಯೇನೋ ಎನ್ನುವಂತೆ ಒಮ್ಮೆ ತಿರುಗಿ ನೋಡಿ ಮತ್ತೆ ಗೋಡೆಗೆ. ನಾನೇ ಎತ್ತಿ ಎದೆಗೆ ಹಿಡಿಸಬೇಕು. ಎಳ್ಳೆಣ್ಣೆಯ ಮೊಟ್ಟೆಯ ತಟ್ಟೆ ಇಟ್ಟಲ್ಲೇ ಇರುತ್ತಿತ್ತು. ಅಷ್ಟು ಜೋಪಾನ ಮಾಡಿ ಇಟ್ಟ ಮೊಟ್ಟೆ! "ಒಂದ್ ಬಾಯಿ ತಿನ್ ಹೆಣೆ, ನಿಂಗಾಯಿಯೇ ಇಟ್ಟದ್ದ್" ಎಂದು ಗೋಗರೆಯುತ್ತಿದ್ದೆ. ಅವಳ ಕಣ್ಣು ನನ್ನ ಮೇಲಿದ್ದರೂ ನನ್ನನ್ನು ನೋಡುತ್ತಿರಲಿಲ್ಲ. 

ಮಗು ನೋಡಲು ಬಂದ ಹೆಂಗಸರ ಬಾಯಿಗೆ ಬೀಗವಿಲ್ಲ. ಒಬ್ಬಳು ದೃಷ್ಟಿಯಾಗಿದೆ ಅಂದಳು. ಇನ್ನೊಬ್ಬಳು, ಈಗಿನ ಹುಡುಗಿಯರಿಗೆ ಸುಖ ಹೆಚ್ಚಾಗಿದೆ, ನಾವೆಲ್ಲ ಹೆತ್ತ ಮೂರನೇ ದಿನ ಗದ್ದೆಗಿಳಿದವರು ಎಂದು ನನ್ನ ಮನೆಯ ಚಾ ಕುಡಿದೇ ಹೇಳಿದಳು. "ಹೌದಾ, ಹಾಂಗಾರೆ ಇನ್ನೊಂದ್ ಹೆತ್ಕಂಡ್ ಗದ್ದಿಗೆ ಹೋಯ್ನಿ" ಎಂದೆ ನಾನು. ಅವಳು ಮತ್ತೆ ನಮ್ಮ ಮೆಟ್ಟಿಲು ಹತ್ತಲಿಲ್ಲ. ಒಳ್ಳೆಯದಾಯಿತು.

ಬಾಣಂತಿಯನ್ನೂ ಮಗುವನ್ನೂ ಮೀಯಿಸಲು ದಿನಾ ಬೆಳಿಗ್ಗೆ ಒಬ್ಬರು ಅಜ್ಜಿ ಬರುತ್ತಿದ್ದರು. ಊರಿನ ಅರ್ಧ ಮಕ್ಕಳು ಅವರ ಕಾಲ ಮೇಲೆ ಮಿಂದವರೇ. ಹಂಡೆ ಕುದಿಸಿ, ನೆಕ್ಕಿಸೊಪ್ಪು ಹಾಕಿದ ನೀರನ್ನು ಮಗಳ ಸೊಂಟಕ್ಕೆ ಎರಚುವಾಗ ಆಕೆ ಕಿರುಚಬೇಕು, ಎಲ್ಲ ಬಾಣಂತಿಯರೂ ಕಿರುಚುತ್ತಾರೆ. ಇವಳು ಬಿಸಿ ತಾಗಿದ ಲಕ್ಷಣವನ್ನೇ ತೋರಿಸುತ್ತಿರಲಿಲ್ಲ. ಅಜ್ಜಿ ನನ್ನನ್ನು ಮೂಲೆಗೆ ಕರೆದರು. "ಬಾಳಂತಿ ಸನ್ನಿ ಹೆಣೆ ಇದ್. ತಣ್ಣೀರ್ ಮುಟ್ಟೂಕ್ ಬಿಡ್ಬೇಡ. ಗಾಳಿಗ್ ಬಿಡ್ಬೇಡ. ಯಾರ್ ಹತ್ರವೂ ಹೇಳೂಕ್ ಹೋಯ್ಬೇಡ" ಎಂದರು. ಗಂಡ ಕುಂಭಾಶಿಗೆ ಹೋಗಿ ಹರಕೆ ಹೇಳಿಕೊಂಡು ಬಂದರು. ಆಮೇಲೆ ದೇವರು ಮೈಮೇಲೆ ಬರುವ ಪಾತ್ರಿಯವರಲ್ಲಿಗೆ ಹೋಗಿ ನೂಲು ತಂದರು. ಕಟ್ಟಿದೆ. ನಾನೂ ಕಂಡಕಂಡ ಕಲ್ಲಿಗೆಲ್ಲ ಕೈಮುಗಿದೆ. ಯಾವುದೂ ಅವಳ ಕಣ್ಣು ಮುಚ್ಚಿಸಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಮಗುವನ್ನು ತೊಟ್ಟಿಲಲ್ಲಿ ಹಾಕಿ ಬಂದು ನೋಡುತ್ತೇನೆ, ಮಗಳು ಹಾಸಿಗೆಯಲ್ಲಿಲ್ಲ. ಬಚ್ಚಲಿನಲ್ಲಿ ನೀರಿನ ಸದ್ದು. ಓಡಿದೆ. ನೆಲದ ಮೇಲೆ ಕೂತಿದ್ದಾಳೆ, ಪಕ್ಕದಲ್ಲಿ ನನ್ನ ಉಮಿಯ ಬುಟ್ಟಿ. ಒಂದೊಂದೇ ಮೊಟ್ಟೆ ತೆಗೆದು ಬಾಲ್ದಿಯ ನೀರಿನಲ್ಲಿ ಅದ್ದಿ, ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ತೊಳೆಯುತ್ತಿದ್ದಾಳೆ. ನನ್ನ ಬಾಯಿಗೆ ಬೈಗುಳ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಅವಳು ತಲೆಯೆತ್ತಿದಳು.

"ಗಲೀಜ್ ಅಮ್ಮ. ಕಾಣ್, ಎಲ್ಲಾ ಗಲೀಜ್" ಎಂದಳು.

ಎಷ್ಟೋ ದಿನಗಳ ಮೇಲೆ ಕೇಳಿದ ಮಾತು ಅದು. ನಾನು ಬೈಗುಳ ನುಂಗಿಕೊಂಡೆ. ಹಾಸಿಗೆಯಿಂದ ಎದ್ದಿದ್ದಾಳೆ, ಕೈ ಆಡಿಸುತ್ತಿದ್ದಾಳೆ, ಅಮ್ಮ ಎಂದಿದ್ದಾಳೆ. ಮೊಟ್ಟೆ ಹಾಳಾದರೆ ಹಾಳಾಗಲಿ, ಹೋಗಲಿ ಅದರ ಮನೆ! ಆದರೆ ನೀರು ತಣ್ಣೀರು. ಅಜ್ಜಿಯ ಮಾತು ಕಿವಿಯಲ್ಲಿತ್ತು. ಹಂಡೆಯಿಂದ ಬಿಸಿನೀರು ತೋಡಿ ಬಾಲ್ದಿಗೆ ಬೆರೆಸಿ, ಅವಳೆದುರು ಮಣೆ ಇಟ್ಟೆ. "ಕೂಕಂಡ್ ತೊಳಿ. ಕೆಳ್ಗೆ ಥಂಡಿ" ಎಂದೆ.

ಅಂದಿನಿಂದ ದಿನಾ ಅದೇ ಆಯಿತು. ಊಟದ ಹೊತ್ತು ಕಳೆದು ಊರೆಲ್ಲ ಅಡ್ಡಬಿದ್ದ ಮೇಲೆ ಅವಳು ಎದ್ದು ಬರುವಳು. ನಾನು ಹದ ಬಿಸಿ ನೀರು ಇಟ್ಟು ಕಾದಿರುವೆ. ಅವಳು ತೊಳೆಯುವಳು, ನಾನು ಪಕ್ಕದಲ್ಲಿ ಕೂತು ಒರೆಸುವೆ. ಅಳಿಯನ ಫೋನು ಬಂದಾಗ, "ಈಗ ಅಡ್ಡಿಲ್ಲೆ, ಕೆಲ್ಸ ಎಲ್ಲ ಮಾಡ್ತ್ಲ್" ಎಂದು ಹೆಮ್ಮೆಯಿಂದ ಹೇಳಿದೆ. ಅವನು ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. ಪಾಪದ ಹುಡುಗ, ಅವನಿಗಾದರೂ ಏನು ಗೊತ್ತು.

ನಮ್ಮ ಕೋಳಿಗಳು ಇಡುವ ಮೊಟ್ಟೆ ಅವಳ ಕೈಗೆ ಸಾಲದೆ ಬಂತು. ನಾನು ಮನೆ ಮನೆ ತಿರುಗಿ ಊರು ಕೋಳಿ ಮೊಟ್ಟೆ ಕೇಳಿದೆ. ನಮ್ಮ ಕೇರಿ ಮುಗಿಸಿ ಕಡಲಿನ ಕಡೆಯ ಮನೆಗಳಿಗೂ ಹೋದೆ. "ನಿಮ್ಮ ಬಾಳಂತಿ ಎಷ್ಟ್ ಮೊಟ್ಟಿ ತಿಂತ್ಲ್ ಮಾರಾಯ್ತಿ! ಕೇರೆ ಹಾವಾ ಅವ್ಳ್?" ಎಂದು ಒಬ್ಬಾಕೆ ತಮಾಷೆ ಮಾಡಿದರೆ, ನಾನೂ ಅವಳ ಜೊತೆ ನಕ್ಕೆ. ತಿನ್ನಲಿಕ್ಕಲ್ಲ, ತೊಳೆಯಲಿಕ್ಕೆ ಎಂದು ಹೇಗೆ ಹೇಳಲಿ? ಬಾಲ್ದಿಯ ಎದುರು ಮೊಟ್ಟೆ ಇಲ್ಲದ ದಿನ ಅವಳು ಗೋಡೆಗೆ ಮುಖ ಮಾಡುತ್ತಾಳೆ ಎಂದು ಯಾರ ಹತ್ತಿರ ಹೇಳಿಕೊಳ್ಳಲಿ?

ಇನ್ನೂ ಒಂದು ಮಾಡಿದೆ. ತಂದ ಮೊಟ್ಟೆಗಳು ಕೆಲವು ಸಲ ತೀರಾ ಚೊಕ್ಕವಾಗಿರುತ್ತಿದ್ದವು. ಚೊಕ್ಕದ್ದನ್ನು ಅವಳು ಮುಟ್ಟುತ್ತಿರಲಿಲ್ಲ. ಆಗ ನಾನು ಗೂಡಿನ ಹಿಂದೆ ಕೂತು, ಬೂದಿಗೆ ನೀರು ಬೆರೆಸಿ, ಹಿಕ್ಕೆ ಕಲಸಿ, ಆ ಮೊಟ್ಟೆಗಳಿಗೆ ನನ್ನ ಕೈಯಾರೆ ಹೊಲಸು ಬಳಿದು, ಬಿಸಿಲಿಗಿಟ್ಟು ಒಣಗಿಸಿ ಒಳಗೆ ತರುತ್ತಿದ್ದೆ. ಮೊಟ್ಟೆಗೆ ನೀರು ತಾಗಿಸಿದರೆ ಕೈ ಕಡಿಯುತ್ತೇನೆನ್ನುತ್ತಿದ್ದ ಹೆಂಗಸು ನಾನು! ಹಾಗೆ ಬಳಿಯುತ್ತಾ ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಕೋಳಿಗಳು ನುಚ್ಚು ಹಾಕಿದ್ದೇನೆಂದುಕೊಂಡು ಸುತ್ತ ನೆರೆಯುತ್ತಿದ್ದವು.

ತೊಳೆದ ಮೊಟ್ಟೆ ಆ ಸೆಕೆಯಲ್ಲಿ ಎಷ್ಟು ದಿನ ತಾಳೀತು? ಬುಟ್ಟಿಯ ಹತ್ತಿರ ಹೋದರೆ ವಾಸನೆ ಬರತೊಡಗಿತು. ಒಂದು ಮೊಟ್ಟೆ ಕೂತಲ್ಲೇ ಒಡೆದು ಉಮಿಯೆಲ್ಲ ಹಸಿರುಗಟ್ಟಿತು. ಕೆಟ್ಟದ್ದನ್ನು ಬೆಳಿಗ್ಗೆ ಅವಳು ಕಾಣದ ಹಾಗೆ ಆರಿಸಿ ತೆಂಗಿನ ಬುಡದಲ್ಲಿ ಹೂಳುತ್ತಿದ್ದೆ. ಆದರೆ ಎಷ್ಟೆಂದು ಆರಿಸುವುದು? ಒಂದು ದಿನ ಅವಳು ಹಿಂದೆ ತೊಳೆದಿಟ್ಟಿದ್ದನ್ನೇ ತಂದು ಬಾಲ್ದಿಗೆ ಹಾಕಿದಳು. ಒಂದು ಮೇಲೆ ಬಂತು. ಇನ್ನೊಂದು. ಮತ್ತೊಂದು. ನೀರಿನ ಮೇಲೆಲ್ಲ ಮೊಟ್ಟೆ.

"ನಾ ತೊಳ್ದದ್ದೆಲ್ಲಾ ತೇಲಿತ್ ಅಮ್ಮ" ಎಂದಳು.

"ಸೆಕಿಗೆ ಹೆಣೆ, ಸೆಕಿಗೆ. ಈ ಸೆಕಿಗೆ ನಾನೇ ಹಾಳಾತಿದ್ದೆ, ಮೊಟ್ಟಿ ಉಳಿತ್ತಾ?" ಎಂದೆ ನಗಿಸಲು.

"ಅಲ್ಲ. ನನ್ ಕೈಯೇ ಹಾಳ್. ನಾ ಮುಟ್ಟಿದ್ದ್ ಒಳ್ಗಿಂದ್ ಹಾಳಾತ್ತ್" ಎಂದು ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ನೀರಿನಲ್ಲಿದ್ದು ಇದ್ದು ಬೆರಳೆಲ್ಲ ಬೆಳ್ಳಗಾಗಿ ನೆರಿಗೆಗಟ್ಟಿದ್ದವು. ಅವತ್ತು ನಾನು ಮಾತು ತಪ್ಪಿಸಿ ಅವಳನ್ನು ಎಬ್ಬಿಸಿಕೊಂಡು ಹೋದೆ. ಆಮೇಲೆ ಅವಳು ಮಗುವನ್ನು ಎದೆಗೆ ಹಿಡಿಸಲೂ ಬಿಡಲಿಲ್ಲ. ಹತ್ತಿರ ತಂದರೆ ಕೈಗಳನ್ನು ಸೊಂಟದಡಿ ಹಾಕಿ ಅವುಚಿಕೊಂಡು ಬಿಡುವಳು. ಡಬ್ಬಿ ಹಾಲು ಶುರುವಾಯಿತು.

ಅಂಗಡಿಗೆ ಹೊರಟಿದ್ದ ಗಂಡನನ್ನು ಬಾಗಿಲಲ್ಲೇ ತಡೆದು, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುವ ಎಂದೆ. ಅವರು ಚಪ್ಪಲಿಯಲ್ಲಿ ಕಾಲು ತೂರಿಸುತ್ತಾ ನೆಲ ನೋಡಿದರು. "ಯಾವ ಡಾಕ್ಟ್ರ್? ತಲಿ ಡಾಕ್ಟ್ರಾ? ನಾಳಿಗೆ ಅವ್ಳ್ ಗಂಡನ್ಮನಿಯರ್ ಎಂತ ಹೇಳುದ್? ನಲ್ವತ್ತ್ ದಿನ ಕಳೀಲಿ, ಸಮ ಆತ್ತ್" ಎಂದರು. ಹೆದರಿದ್ದರು ಪಾಪ. ಹೆದರಿದ ಗಂಡಸು ಯಾವಾಗಲೂ ಮುಂದಿನ ವಾರದ ಮಾತಾಡುತ್ತಾನೆ. ನನಗೂ ಆ ಮಾತಿಗೆ ಜೋತುಬೀಳುವುದೇ ಬೇಕಾಗಿತ್ತು, ಜೋತುಬಿದ್ದೆ.

ಅದಾಗಿ ಎರಡೋ ಮೂರೋ ದಿನ. ಬೆಳಗಿನ ಬಿಸಿಲು ಆಗಷ್ಟೇ ಅಂಗಳಕ್ಕೆ ಇಳಿದಿತ್ತು. ಮೀಸುವ ಅಜ್ಜಿ ಇನ್ನೂ ಬಂದಿರಲಿಲ್ಲ. ಹಂಡೆಯ ಒಲೆಗೆ ಹಾಕಲು ತೆಂಗಿನ ಸಿಪ್ಪೆ ತರೋಣವೆಂದು ಹಿತ್ತಲಿಗೆ ಹೋದೆ. ಮಗು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿತ್ತು, ಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು, ಗಂಡ ಜಗಲಿಯಲ್ಲಿ ಪೇಪರು ಓದುತ್ತಿದ್ದರು. ಎಲ್ಲ ಸರಿಯಾಗಿಯೇ ಇತ್ತು. ಸಿಪ್ಪೆಯ ಹೊರೆ ತೋಳಿನಲ್ಲಿಟ್ಟುಕೊಂಡು ಬಚ್ಚಲಿನ ಬಾಗಿಲಿಗೆ ಬಂದೆ.

ಅವಳು ದೊಡ್ಡ ಟಬ್ಬಿನ ಎದುರು ಕೂತಿದ್ದಳು. ಟಬ್ಬಿನ ಅಂಚಿನವರೆಗೆ ನೀರು. ಮಗುವಿನ ಬಟ್ಟೆ ಬಿಚ್ಚಿ, ಎರಡು ಅಂಗೈಗಳ ಮೇಲೆ ಮಲಗಿಸಿ, ನೀರಿನ ಮೇಲೆ ಹಿಡಿದಿದ್ದಳು. ಅದರ ಹಿಮ್ಮಡಿ ನೀರಿಗೆ ತಾಗುತ್ತಿತ್ತು. ಮಗು ಅಳುತ್ತಿರಲಿಲ್ಲ, ಕಣ್ಣು ಪಿಳಿಪಿಳಿ ಬಿಡುತ್ತಿತ್ತು. ಅವಳ ಮುಖದಲ್ಲೂ ಹುಚ್ಚಿಲ್ಲ, ಸಿಟ್ಟಿಲ್ಲ. ಸಾರಿಗೆ ಉಪ್ಪು ಸಾಕಾ ಎಂದು ಕೇಳುವ ದನಿಯಲ್ಲಿ ಕೇಳಿದಳು:

"ಅಮ್ಮ, ಮುಳ್ಗಿರೆ ಒಳ್ಳೇದ್, ಅಲ್ದಾ? ಒಂದ್ಸಲ ಕಾಂಬ."

ಕೂಗಬೇಕೆಂದು ಬಾಯಿ ತೆರೆದೆ. ಕೂಗಿದರೆ ಬೆಚ್ಚಿ ಕೈಬಿಡುತ್ತಾಳೆ. ಹಾರಿ ಹಿಡಿಯೋಣವೆಂದರೆ ನಡುವೆ ಅಷ್ಟು ದೂರ, ನೆಲ ಪಾಚಿ. ಆ ಹೊತ್ತಿನಲ್ಲಿ ನನ್ನ ಬಾಯಿಂದ ಆ ಮಾತು ಹೇಗೆ ಬಂತೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

"ಹೌದ್ ಹೆಣೆ. ಆದ್ರೆ ನೀರ್ ತಣ್ಣಗಿತ್ತಲೆ. ಹಂಡಿಂದ ಬಿಸಿ ತೋಡಿ ಕೊಡ್ತೆ. ಅಷ್ಟೊತ್ತ್ ನಂಗೆ ಕೊಡ್" ಎಂದೆ.

ದಿನಾ ನಾನು ಬಿಸಿನೀರು ಬೆರೆಸಿಕೊಡುವವಳಲ್ಲವೇ. ಅವಳಿಗೆ ಅದು ಸರಿಯೆನಿಸಿತು. "ಹ್ಞಾಂ, ತಣ್ಣೀರ್ ಬ್ಯಾಡ" ಎಂದಳು. ಮಗುವನ್ನು ಎತ್ತಿ, ಒರೆಸಲು ಮೊಟ್ಟೆ ದಾಟಿಸುವ ಹಾಗೆಯೇ ಜೋಪಾನವಾಗಿ ನನ್ನ ಕೈಗೆ ದಾಟಿಸಿದಳು. ನಾನು ಸಿಪ್ಪೆ ಯಾವಾಗ ಕೆಳಗೆ ಹಾಕಿದ್ದೆನೋ. ಮಗುವನ್ನು ಸೆರಗಿನೊಳಗೆ ಅವುಚಿಕೊಂಡು, ಕಾಲಿನಿಂದ ಟಬ್ಬನ್ನು ಒದ್ದು ಉರುಳಿಸಿದೆ. ನೀರೆಲ್ಲ ಅವಳ ಮಡಿಲಿಗೆ ಚೆಲ್ಲಿತು. ಅಲ್ಲೇ ಕುಸಿದು ಕೂತು, ಎದೆಯಲ್ಲಿದ್ದದ್ದನ್ನೆಲ್ಲ ಸೇರಿಸಿ ಗಂಡನನ್ನು ಕರೆದೆ. ಆ ಕೂಗಿಗೆ ಪಕ್ಕದ ಮನೆಯವರೂ ಬಂದರು. ಬರಲಿ. ಇನ್ನು ಯಾರಿಂದ ಮುಚ್ಚಿಡುವುದು?

ಗಂಡ ಬಂದವರು, "ಪಾತ್ರಿಯರಿಗೆ ಒಂದ್ ಫೋನ್ ಮಾಡ್ತೆ" ಎಂದರು. "ಪಾತ್ರಿಯೂ ಬ್ಯಾಡ, ಗೀತ್ರಿಯೂ ಬ್ಯಾಡ! ಈಗ ರಿಕ್ಷಾ ತರ್ತ್ರೋ, ನಾ ಇವ್ಳನ್ ಹೊತ್ಕಂಡ್ ಹೈವೇಗೆ ಹೋಯ್ಕೋ?" ಎಂದು ನಾನು ಅರಚಿದ್ದು ಕೇಳಿ ಅವರು ಬರಿಗಾಲಿನಲ್ಲಿ ಓಡಿದರು. ಕುಂದಾಪುರದವರೆಗೂ ರಿಕ್ಷಾದಲ್ಲಿ ಅವಳು ನನ್ನ ಹೆಗಲಿಗೆ ತಲೆಯಿಟ್ಟು, "ಕಂಡಾಯ್ತಾ ಅಮ್ಮ? ಕಂಡಾಯ್ತಾ?" ಎಂದು ಕೇಳುತ್ತಲೇ ಇದ್ದಳು. "ಕಂಡಾಯ್ತ್. ಒಳ್ಳೇದಿತ್ತ್. ಬಾರೀ ಒಳ್ಳೇದಿತ್ತ್" ಎಂದು ನಾನು ಹೇಳುತ್ತಲೇ ಇದ್ದೆ.

ಡಾಕ್ಟರ್ ಹೆಂಗಸು. ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವರಿರಬಹುದು. ಎಷ್ಟು ದಿನದಿಂದ ನಿದ್ದೆಯಿಲ್ಲ ಎಂದು ಮೊದಲು ಕೇಳಿದರು. ಮೊಟ್ಟೆಯ ಕಥೆ ಹೇಳಿದೆ. ನಗಲಿಲ್ಲ, ಬೈಯಲೂ ಇಲ್ಲ. ಇದು ಹೆರಿಗೆಯಾದ ಮೇಲೆ ಕೆಲವರಿಗೆ ಬರುವ ಕಾಯಿಲೆ, ಜೋರಾಗಿದೆ, ಇವತ್ತೇ ಸೇರಿಸಬೇಕು, ಮದ್ದಿದೆ, ಗುಣವಾಗುತ್ತದೆ ಎಂದರು. ಗುಣವಾಗುತ್ತದೆ ಎಂಬ ಮಾತನ್ನು ಮತ್ತೊಮ್ಮೆ ಹೇಳಿಸಿಕೊಂಡೆ. ಹೊರಡುವಾಗ, "ಮಗುವಿನ ಜೊತೆ ಅವರನ್ನು ಒಬ್ಬರನ್ನೇ ಬಿಡಬೇಡಿ. ನಾವು ಹೇಳುವವರೆಗೂ" ಎಂದರು. ಆ ಮಾತು ನನ್ನ ಎದೆಯಲ್ಲಿ ಮೊಳೆ ಹೊಡೆದಂತೆ ಕೂತಿತು.

ಮೊದಲು ಬಂದದ್ದು ನಿದ್ದೆ. ಆಸ್ಪತ್ರೆಯ ಮಂಚದ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ನಾನು ಆ ಗೊರಕೆಯನ್ನು ಕೇಳುತ್ತಾ ಕೂತಿದ್ದೆ. ಅಳಿಯ ಹೋಟೆಲು ಮುಚ್ಚಿ ಓಡಿ ಬಂದ, ಅವಳ ಕಾಲ ಹತ್ತಿರ ಕೂತು ಅತ್ತ. ಅವಳ ಗಂಡನ ಮನೆಯವರು ಏನೂ ಹೇಳಲಿಲ್ಲ. ಅವಳ ಅತ್ತೆ ಬಂದು ಮಗುವಿನ ಬಟ್ಟೆ ಒಗೆದು ಹಾಕಿ ಹೋದರು. ನಾವು ಹೆದರಿದ್ದು ಯಾರಿಗಪ್ಪಾ?

ಮನೆಗೆ ಬಂದ ಮೇಲೂ ಮಾತ್ರೆ ನಡೆಯಿತು. ಸ್ವಲ್ಪ ಸ್ವಲ್ಪವೇ ಊಟ. ಒಂದು ದಿನ, "ಎಂತ ಸಾರ್ ಅಮ್ಮ ಇದ್, ಸಮುದ್ರದ್ ನೀರಾ?" ಎಂದು ಬಟ್ಟಲು ದೂಡಿದಳು. ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಬೈಯಲು ಬಂತಲ್ಲ ಅವಳಿಗೆ! ಮಗುವನ್ನು ಮಡಿಲಲ್ಲಿ ಹಾಕಿಕೊಳ್ಳತೊಡಗಿದಳು. ಮೊಟ್ಟೆ ಮಾತ್ರ ಮುಟ್ಟಲಿಲ್ಲ. ಇಂದಿಗೂ ಮುಟ್ಟುವುದಿಲ್ಲ, ತಿನ್ನುವುದೂ ಇಲ್ಲ. ಬೇಡ, ಬಿಡಲಿ. ಕೋಳಿಗಳು ಇಟ್ಟದ್ದನ್ನೆಲ್ಲ ಆಗ ಗೂಡಿನಿಂದಲೇ ನೆರೆಮನೆಗೆ ದಾಟಿಸುತ್ತಿದ್ದೆ, ಹೊಸಿಲು ದಾಟಿಸಲಿಲ್ಲ.

ಅವಳು ಗುಣವಾಗುತ್ತಿದ್ದಳು. ನಾನು ಆಗುತ್ತಿರಲಿಲ್ಲ. ಟಬ್ಬನ್ನು ಅಟ್ಟಕ್ಕೆ ಹಾಕಿದೆ. ಬಚ್ಚಲಿಗೆ ಬೀಗ ಹಾಕಿ ಬೀಗದ ಕೈಯನ್ನು ಕರಿಮಣಿಯ ಜೊತೆ ಕಟ್ಟಿಕೊಂಡೆ. ಅವಳು ಮಗುವನ್ನು ಎತ್ತಿಕೊಂಡರೆ ನನ್ನ ಕಣ್ಣು ಅವಳ ಬೆರಳುಗಳ ಮೇಲೆ. ಮಗು ಕೆಮ್ಮಿದರೆ ನಾನು ಅಲ್ಲಿ. ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯುತ್ತಾ ಇದ್ದರೂ ಕಿವಿ ಒಳಗೆ. ಹೆತ್ತ ಮಗಳನ್ನು ಕಳ್ಳನನ್ನು ಕಾಯುವ ಹಾಗೆ ಕಾಯುವುದಿದೆಯಲ್ಲ, ಅಂಥ ಕಷ್ಟ ವೈರಿಗೂ ಬೇಡ. ಅವಳ ಮೇಲೆ ಪ್ರೀತಿ ಉಕ್ಕಿ ಬರುವ ಹೊತ್ತಿಗೇ ಅವಳ ಬಗ್ಗೆ ಹೆದರಿಕೆ. ನಾನು ಕಾಯುವುದನ್ನು ಅವಳೂ ಕಂಡಿದ್ದಳು.

ಡಾಕ್ಟರು ಇನ್ನು ಸ್ವಲ್ಪ ಸ್ವಲ್ಪ ಬಿಟ್ಟು ನೋಡಿ ಎಂದರು. ಅಳಿಯ ಕರೆದುಕೊಂಡು ಹೋಗಲು ಬರುತ್ತೇನೆಂದ. ಪುಣೆಯಲ್ಲಿ ಅವನು ಬೆಳಗಾಗುವುದರೊಳಗೆ ಹೋಟೆಲಿಗೆ ಹೋದರೆ ಮನೆಯಲ್ಲಿ ಇವಳು ಮತ್ತು ಮಗು, ಇಬ್ಬರೇ. ಅದನ್ನು ನೆನೆದು ರಾತ್ರಿ ಎದ್ದೆದ್ದು ತೊಟ್ಟಿಲು ನೋಡಿ ಬರುತ್ತಿದ್ದೆ.

ಅವರು ಹೊರಡುವ ಮುಂಚಿನ ದಿನ ಬೆಳಿಗ್ಗೆ ಮಗಳು ಮಗುವನ್ನು ಎತ್ತಿಕೊಂಡು ನನ್ನೆದುರು ಬಂದು ನಿಂತಳು. "ಬೀಗದ್ ಕೈ ಕೊಡ್ ಅಮ್ಮ. ಇವತ್ ನಾ ಮೀಸ್ತೆ" ಎಂದಳು.

"ನಾ ನೀರ್ ಹೊಯ್ತೆ, ನೀನ್ ಹಿಡ್ಕೋ."

"ಬ್ಯಾಡ. ನೀನ್ ಹೊರ್ಗಿರ್."

ನಾನು ಅವಳ ಮುಖ ನೋಡಿದೆ. ಅವಳು ಕಣ್ಣು ತಪ್ಪಿಸಲಿಲ್ಲ. ಕರಿಮಣಿಯ ಗಂಟು ಬಿಚ್ಚಲು ನನ್ನ ಬೆರಳು ಬರುತ್ತಿರಲಿಲ್ಲ. ಕಡೆಗೆ ಅವಳೇ ಒಂದು ಕೈಯಲ್ಲಿ ಮಗುವನ್ನು ಹಿಡಿದು ಇನ್ನೊಂದು ಕೈಯಲ್ಲಿ ಬಿಚ್ಚಿಕೊಂಡಳು. ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು ಕೇಳಿತು.

ಬಾಗಿಲಿಗೆ ಅಂಟಿಕೊಂಡು ನಿಂತೆ. ನೀರು ತೋಡುವ ಸದ್ದು. ಬೆರೆಸುವ ಸದ್ದು. ಆಮೇಲೆ ಏನೂ ಇಲ್ಲ. ಮಗು ಅಳಬಾರದೇ, ದೇವರೇ, ಒಮ್ಮೆ ಅಳಬಾರದೇ ಎಂದು ಹಲ್ಲು ಕಚ್ಚಿಕೊಂಡೆ. ಬಾಗಿಲಿನ ಹಲಗೆ ಎಷ್ಟು ಗಟ್ಟಿ, ಹೆಗಲಿನಿಂದ ದೂಡಿದರೆ ಮುರಿದೀತೇ ಎಂದು ಕೈಯಿಂದ ಸವರಿ ನೋಡಿದೆ.

"ಅಮ್ಮ, ಅಲ್ಲೇ ಇದ್ಯಾ?" ಎಂದು ಒಳಗಿನಿಂದ ಕೇಳಿದಳು.

ಉಸಿರು ಹಿಡಿದು, ದನಿಯನ್ನು ಆದಷ್ಟು ದೂರ ಮಾಡಿ ಹೇಳಿದೆ. "ಇಲ್ಲ, ನಾ ಕೋಳಿ ಗೂಡಿನ್ ಹತ್ರ ಇದ್ದೆ."

ಒಳಗೆ ತಂಬಿಗೆ ಕೆಳಗಿಟ್ಟ ಸದ್ದಾಯಿತು.

"ಸುಳ್ಳ್ ಹೇಳ್ಬೇಡ. ಬಾಗ್ಲಡಿಗೆ ನಿನ್ ಕಾಲ್ ಕಾಣತ್ತ್."

ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಹೋಯ್ಬೇಡ ಅಮ್ಮ" ಎಂದಳು. ಅಳುತ್ತಿದ್ದಳು. "ಅಲ್ಲೇ ನಿಲ್ಲ್. ನಂಗೂ ಹೆದ್ರಿಕಿ ಆತ್ತ್."